ಒಂದೇ ಗಣಕಯಂತ್ರ, ಹಲವು ಕೈಗಳು: ಪಂಚಾಯಿತಿ ಕಚೇರಿಯಲ್ಲಿ ಪ್ರತ್ಯೇಕ ಬಳಕೆದಾರ ಖಾತೆ ಮತ್ತು ಮಾದರಿ ಪ್ರೊಫೈಲ್



ಗ್ರಾಮ ಪಂಚಾಯಿತಿಯ ಆಡಳಿತವು ಇಂದು ಬಹುಪಾಲು ಗಣಕಯಂತ್ರದ ಮೂಲಕವೇ ನಡೆಯುತ್ತಿದೆ. ಆಸ್ತಿಗಳ ನಮೂನೆ 9 ಮತ್ತು ನಮೂನೆ 11 ಇ-ಸ್ವತ್ತು ತಂತ್ರಾಂಶದಲ್ಲಿ ಸಿದ್ಧವಾಗುತ್ತವೆ. ತೆರಿಗೆಯ ಬೇಡಿಕೆ, ವಸೂಲಿ ಹಾಗೂ ಲೆಕ್ಕಪತ್ರಗಳು ಪಂಚತಂತ್ರದಲ್ಲಿ ದಾಖಲಾಗುತ್ತವೆ. ಬಾಪೂಜಿ ಸೇವಾ ಕೇಂದ್ರಕ್ಕೆ ಬರುವ ಅರ್ಜಿ, ಉದ್ಯೋಗ ಖಾತರಿ ಕಾಮಗಾರಿಯ ಕೂಲಿ ಪಟ್ಟಿ, ಇ-ಗ್ರಾಮ ಸ್ವರಾಜ್ ಮೂಲಕ ಆಗುವ ಪಾವತಿ, ಸಭಾ ನಡವಳಿಯ ಬೆರಳಚ್ಚು ಇವೆಲ್ಲವೂ ಅದೇ ಮೇಜಿನ ಮೇಲಿನ ಒಂದೆರಡು ಯಂತ್ರಗಳಲ್ಲಿ ನಡೆಯುತ್ತವೆ. ಆ ಯಂತ್ರವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಲೆಕ್ಕ ಸಹಾಯಕ, ಕರ ವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್ ಹೀಗೆ ನಾಲ್ಕೈದು ಮಂದಿ ಸರದಿಯಂತೆ ಬಳಸುತ್ತಾರೆ.

ಬಳಸುವವರು ಐವರಾದರೂ ಅನೇಕ ಕಚೇರಿಗಳಲ್ಲಿ ಯಂತ್ರದ ಒಳಗೆ ಇರುವುದು 'ಅಡ್ಮಿನ್' ಎಂಬ ಒಂದೇ ಹೆಸರು. ಅದರ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು, ಇಲ್ಲವೇ ಪಾಸ್‌ವರ್ಡ್ ಇರುವುದೇ ಇಲ್ಲ. ಇದು ಕೇವಲ ತಾಂತ್ರಿಕ ವಿಷಯವೆಂದು ಸದಸ್ಯರು ಬದಿಗಿಡಬಾರದು. ನಗದು ಪುಸ್ತಕ ಯಾರ ವಶದಲ್ಲಿದೆ, ರಸೀದಿ ಪುಸ್ತಕವನ್ನು ಯಾರಿಗೆ ಕೊಡಲಾಗಿದೆ ಎಂದು ಸಭೆಯಲ್ಲಿ ಕೇಳುವ ನಾವು, ಇವೆರಡನ್ನೂ ಒಳಗೊಂಡಿರುವ ಯಂತ್ರದ ವಿಷಯದಲ್ಲಿ ಅದೇ ಪ್ರಶ್ನೆಯನ್ನು ಕೇಳಬೇಕಾಗಿದೆ. ಪ್ರತಿ ನೌಕರರಿಗೂ ಪ್ರತ್ಯೇಕ ಖಾತೆ ಇರಬೇಕು. ಆ ಖಾತೆಗಳು ಹುಟ್ಟುವ ಮೊದಲೇ ಯಂತ್ರದ ಮಾದರಿ ಪ್ರೊಫೈಲನ್ನು ಸರಿಪಡಿಸಿಡಬೇಕು. ಇವೆರಡರ ಅಗತ್ಯವನ್ನೂ ವಿಧಾನವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಎರಡು ಬಾಗಿಲು, ಎರಡು ಬೀಗ

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಪಂಚತಂತ್ರಕ್ಕೂ ಇ-ಸ್ವತ್ತಿಗೂ ಪ್ರತ್ಯೇಕ ಲಾಗಿನ್ ಇದೆಯಲ್ಲ, ಯಂತ್ರಕ್ಕೆ ಮತ್ತೊಂದು ಏಕೆ ಎಂದು ಕೇಳುವವರಿದ್ದಾರೆ. ತಂತ್ರಾಂಶದ ಲಾಗಿನ್ ಬೀರುವಿನ ಬೀಗದಂತೆ. ಯಂತ್ರದ ಲಾಗಿನ್ ಬೀರು ಇರುವ ಕೊಠಡಿಯ ಬೀಗದಂತೆ. ಕೊಠಡಿ ಸದಾ ತೆರೆದಿದ್ದು, ಬೀರುವಿನ ಕೀಲಿಯೂ ಅಲ್ಲೇ ಮೊಳೆಗೆ ನೇತಾಡುತ್ತಿದ್ದರೆ ಬೀಗವಿದ್ದೂ ಪ್ರಯೋಜನವಿಲ್ಲ. ಒಂದೇ ಖಾತೆಯನ್ನು ಎಲ್ಲರೂ ಬಳಸುವಾಗ ಆಗುವುದು ಇದೇ. ಜಾಲತಾಣ ತೆರೆಯುವ ಬ್ರೌಸರ್ 'ಪಾಸ್‌ವರ್ಡ್ ಉಳಿಸಲೇ?' ಎಂದು ಕೇಳುತ್ತದೆ; ಅವಸರದಲ್ಲಿರುವ ನೌಕರರು ಹೌದು ಎಂದು ಒತ್ತುತ್ತಾರೆ. ಅಂದಿನಿಂದ ಆ ಯಂತ್ರದ ಮುಂದೆ ಕೂರುವ ಯಾರೇ ಆದರೂ ಅವರ ಹೆಸರಿನಲ್ಲಿ ತಂತ್ರಾಂಶವನ್ನು ಪ್ರವೇಶಿಸಬಲ್ಲರು.

ವಿಂಡೋಸ್‌ನಲ್ಲಿ ಪ್ರತ್ಯೇಕ ಖಾತೆ ತೆರೆದಾಗ ಸಿ ಡ್ರೈವ್‌ನ 'ಯೂಸರ್ಸ್' ಎಂಬ ಫೋಲ್ಡರಿನೊಳಗೆ ಆ ವ್ಯಕ್ತಿಗೆಂದೇ ಒಂದು ಫೋಲ್ಡರ್ ಸಿದ್ಧವಾಗುತ್ತದೆ. ಅವರ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡ್, ಕೀಲಿಮಣೆಯ ಆಯ್ಕೆ, ದಿನಾಂಕ ಬರೆಯುವ ಕ್ರಮ ಎಲ್ಲವೂ ಅದರೊಳಗೆ ಇರುತ್ತವೆ. ಇದನ್ನೇ ಪ್ರೊಫೈಲ್ ಎನ್ನುತ್ತಾರೆ. ಒಬ್ಬ ಸಾಮಾನ್ಯ ಬಳಕೆದಾರರ ಪ್ರೊಫೈಲನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರರು ತೆರೆಯಲಾರರು.

ಖಾತೆಗಳಲ್ಲಿ ಎರಡು ಬಗೆ. ಅಡ್ಮಿನಿಸ್ಟ್ರೇಟರ್ ಖಾತೆಯವರು ತಂತ್ರಾಂಶ ಸ್ಥಾಪಿಸಬಹುದು, ಇತರರ ಖಾತೆ ತೆರೆಯಬಹುದು, ಮುಚ್ಚಬಹುದು, ಅವರ ಫೋಲ್ಡರುಗಳನ್ನೂ ನೋಡಬಹುದು. ಸಾಮಾನ್ಯ ಖಾತೆಯವರು ತಮ್ಮ ಕೆಲಸವನ್ನಷ್ಟೇ ಮಾಡಬಹುದು. ಆದುದರಿಂದ ದಿನನಿತ್ಯದ ಕೆಲಸಕ್ಕೆ ಎಲ್ಲರೂ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೂ ಸೇರಿದಂತೆ, ಸಾಮಾನ್ಯ ಖಾತೆಯನ್ನೇ ಬಳಸಬೇಕು. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಬರೆದು, ಲಕೋಟೆಯಲ್ಲಿಟ್ಟು, ಮೊಹರು ಮಾಡಿ ಕಚೇರಿಯ ಬೀರುವಿನಲ್ಲಿ ಇಡಬೇಕು. ಲಕೋಟೆ ತೆರೆದಾಗಲೆಲ್ಲ ದಿನಾಂಕ ಮತ್ತು ಕಾರಣವನ್ನು ವಹಿಯಲ್ಲಿ ದಾಖಲಿಸಬೇಕು.

ಇದರಲ್ಲಿ ಗ್ರಾಮಸ್ಥರಿಗೆ ಏನು?

ಗೌರಿಬಿದನೂರು ತಾಲ್ಲೂಕಿನ ಹಳ್ಳಿಗಳಲ್ಲಿ ವಿದುರಾಶ್ವತ್ಥದ ಪ್ರಭಾವದಿಂದ ಅಶ್ವತ್ಥಪ್ಪ, ಅಶ್ವತ್ಥಮ್ಮ, ಅಶ್ವತ್ಥನಾರಾಯಣ ಎಂಬ ಹೆಸರುಗಳು ಮನೆಮನೆಯಲ್ಲಿವೆ. ಆ ಹೆಸರನ್ನು ಬೆರಳಚ್ಚಿಸುವಾಗ 'ಅಶ್ವತ್ತಪ್ಪ', 'ಅಶ್ವಥಪ್ಪ' ಎಂದೆಲ್ಲ ಆಗುವುದನ್ನು ನಾವು ಕಂಡಿದ್ದೇವೆ. ನಮ್ಮ ಕಡೆಯ 'ವೆಂಕಟರವಣಪ್ಪ' ಎಂಬ ಹೆಸರು, ತಾನೇ ಪದ ಸೂಚಿಸುವ ಸಾಧನದಲ್ಲಿ 'ವೆಂಕಟರಮಣಪ್ಪ' ಆಗಿಬಿಡುವುದೂ ಉಂಟು. ಆಧಾರ್‌ನಲ್ಲಿ ಒಂದು ಬಗೆ, ನಮೂನೆ 9ರಲ್ಲಿ ಇನ್ನೊಂದು ಬಗೆ ಇದ್ದರೆ ಬ್ಯಾಂಕ್ ಸಾಲದ ಹೊತ್ತಿನಲ್ಲಿ, ನೋಂದಣಿಯ ಹೊತ್ತಿನಲ್ಲಿ ಆ ಕುಟುಂಬವು ಪಂಚಾಯಿತಿಗೆ ಅಲೆಯಬೇಕಾಗುತ್ತದೆ. ಕೂಲಿ ಬಿಟ್ಟು ಬಂದವರಿಗೆ ಅದು ಒಂದು ದಿನದ ಗಂಜಿಯ ಪ್ರಶ್ನೆ.

ಇಂಥ ತಪ್ಪುಗಳಿಗೆಲ್ಲ ನೌಕರರ ಅಜಾಗರೂಕತೆಯೇ ಕಾರಣವಲ್ಲ. ಬೆಳಿಗ್ಗೆ ಒಬ್ಬರು ನುಡಿಯ ಕೀಲಿಮಣೆ ವಿನ್ಯಾಸದಲ್ಲಿ, ಮಧ್ಯಾಹ್ನ ಇನ್ನೊಬ್ಬರು ವಿಂಡೋಸ್‌ನ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ, ಸಂಜೆ ಮತ್ತೊಬ್ಬರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ವಿಧಾನದಲ್ಲಿ ಕೆಲಸ ಮಾಡುವಾಗ, ಪ್ರತಿಯೊಬ್ಬರೂ ಹಿಂದಿನವರ ಆಯ್ಕೆಯನ್ನು ಬದಲಿಸಿ ಹೋಗಿರುತ್ತಾರೆ. ಸಾಲಿನಲ್ಲಿ ಜನ ನಿಂತಿರುವಾಗ ಆಯ್ಕೆ ಹುಡುಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಪ್ರತ್ಯೇಕ ಖಾತೆ ಇದ್ದರೆ ಅವರವರ ಕೀಲಿಮಣೆ ಅವರವರ ಖಾತೆಯಲ್ಲೇ ನಿಲ್ಲುತ್ತದೆ.

ದಿನಾಂಕದ ವಿಷಯವೂ ಹೀಗೆಯೇ. ಕೆಲವು ಯಂತ್ರಗಳು ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ದಿನ ನಂತರ ಎಂಬಂತೆ ಹೊಂದಿಕೆಯಾಗಿರುತ್ತವೆ. ಅಂಥ ಯಂತ್ರದ ಕೋಷ್ಟಕದಲ್ಲಿ 04/05 ಎಂದು ನಮೂದಿಸಿದರೆ ನಾವು ಮೇ 4 ಎಂದುಕೊಳ್ಳುತ್ತೇವೆ, ಯಂತ್ರವು ಏಪ್ರಿಲ್ 5 ಎಂದುಕೊಳ್ಳುತ್ತದೆ. ತೆರಿಗೆ ಬಾಕಿಯ ಪಟ್ಟಿ ತಯಾರಿಸುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಮೂರನೆಯದು ಗೌಪ್ಯತೆ. ಅರ್ಜಿಯೊಂದಿಗೆ ಜನರು ಕೊಡುವ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪ್ರತಿ, ಭಾವಚಿತ್ರ ಇವೆಲ್ಲ ಸ್ಕ್ಯಾನ್ ಆಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ರಾಶಿ ಬೀಳುತ್ತವೆ. ಒಂದೇ ಖಾತೆಯ ಯಂತ್ರದಲ್ಲಿ ಅವು ಎಲ್ಲರ ಕಣ್ಣಿಗೂ ತೆರೆದಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂಥ ಮಾಹಿತಿಯನ್ನು ಜೋಪಾನವಾಗಿಡುವುದನ್ನು ಕಾನೂನಿನ ಕರ್ತವ್ಯವನ್ನಾಗಿ ಮಾಡಿದೆ.

ಮಾದರಿ ಪ್ರೊಫೈಲ್ ಎಂದರೇನು?

ಹೊಸ ಖಾತೆಯವರು ಮೊದಲ ಬಾರಿ ಲಾಗಿನ್ ಆದಾಗ ವಿಂಡೋಸ್ ಅವರ ಪ್ರೊಫೈಲನ್ನು ಶೂನ್ಯದಿಂದ ಕಟ್ಟುವುದಿಲ್ಲ. 'ಯೂಸರ್ಸ್' ಫೋಲ್ಡರಿನಲ್ಲಿ 'ಡಿಫಾಲ್ಟ್' ಎಂಬ ಮರೆಯಾದ ಫೋಲ್ಡರ್ ಇದೆ. ಅದರ ಪ್ರತಿಯೊಂದನ್ನು ತೆಗೆದು ಹೊಸ ಬಳಕೆದಾರರಿಗೆ ಕೊಡುತ್ತದೆ. ಅದೇ ಮಾದರಿ ಪ್ರೊಫೈಲ್.

ಇದು ಇಟ್ಟಿಗೆಯ ಅಚ್ಚಿನಂತೆ. ಅಚ್ಚನ್ನು ತಿದ್ದಿದರೆ ಮುಂದೆ ಕೊಯ್ಯುವ ಇಟ್ಟಿಗೆಗಳೆಲ್ಲ ತಿದ್ದಿದ ಆಕಾರದಲ್ಲೇ ಬರುತ್ತವೆ. ಈಗಾಗಲೇ ಗೂಡಿನಲ್ಲಿ ಸುಟ್ಟಿರುವ ಇಟ್ಟಿಗೆ ಬದಲಾಗುವುದಿಲ್ಲ. ಹಾಗೆಯೇ ಮಾದರಿ ಪ್ರೊಫೈಲಿನಲ್ಲಿ ಮಾಡಿದ ಬದಲಾವಣೆ ಮುಂದೆ ತೆರೆಯುವ ಖಾತೆಗಳಿಗೆ ಮಾತ್ರ ಅನ್ವಯಿಸುತ್ತದೆ, ಈಗಿರುವ ಖಾತೆಗಳಿಗೆ ಅಲ್ಲ. ಆದ್ದರಿಂದ ಕ್ರಮ ಮುಖ್ಯ: ಮೊದಲು ಮಾದರಿ, ಆಮೇಲೆ ಖಾತೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳನ್ನು ಬದಲಿಸುವ ಪಂಚಾಯಿತಿಗಳು ಹೊಸ ಯಂತ್ರ ಬಂದ ದಿನವೇ ಈ ಕೆಲಸ ಮಾಡಿಕೊಳ್ಳುವುದು ಸೂಕ್ತ.

ಸಿದ್ಧಪಡಿಸುವ ಕ್ರಮ

1. ಭಾಷೆ ಮತ್ತು ದಿನಾಂಕ. ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಕನ್ನಡ ಭಾಷೆಯನ್ನು, ಬೇಕಾದ ಕೀಲಿಮಣೆಯನ್ನು ಸೇರಿಸಬೇಕು. ದಿನಾಂಕದ ಕ್ರಮವನ್ನು ಭಾರತಕ್ಕೆ ಹೊಂದಿಸಬೇಕು. ಬಳಿಕ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್ಸ್‌ನಲ್ಲಿರುವ 'ಅಡ್ಮಿನಿಸ್ಟ್ರೇಟಿವ್ ಲ್ಯಾಂಗ್ವೇಜ್ ಸೆಟ್ಟಿಂಗ್ಸ್' ತೆರೆದು, 'ಕಾಪಿ ಸೆಟ್ಟಿಂಗ್ಸ್' ಒತ್ತಿ, 'ನ್ಯೂ ಯೂಸರ್ ಅಕೌಂಟ್ಸ್' ಎಂಬ ಚೌಕಕ್ಕೆ ಗುರುತು ಹಾಕಬೇಕು. ಈ ಆಯ್ಕೆಗಳು ಮಾದರಿ ಪ್ರೊಫೈಲಿಗೆ ಸೇರುತ್ತವೆ. ಪಕ್ಕದಲ್ಲಿರುವ ಸ್ವಾಗತ ಪರದೆಯ ಚೌಕವನ್ನು ಗುರುತಿಸದಿರುವುದು ಲೇಸು. ಅಲ್ಲಿ ಕನ್ನಡ ಕೀಲಿಮಣೆ ಮೊದಲಾಗಿ ನಿಂತರೆ ಪಾಸ್‌ವರ್ಡ್ ಕನ್ನಡ ಅಕ್ಷರಗಳಲ್ಲಿ ಬಿದ್ದು, ಸರಿಯಾದ ಪಾಸ್‌ವರ್ಡೂ ತಪ್ಪೆನಿಸಿಕೊಳ್ಳುತ್ತದೆ. ಕೀಲಿಮಣೆಗಳ ಪಟ್ಟಿಯಲ್ಲಿ ಇಂಗ್ಲಿಷನ್ನು ಮೊದಲಿಗೂ ಕನ್ನಡವನ್ನು ಎರಡನೆಯದಾಗಿಯೂ ಇಡಬೇಕು.

2. ಅಕ್ಷರಶೈಲಿ. ಯೂನಿಕೋಡ್‌ನಲ್ಲಿ ಬರೆದ ಕಡತವು ಯಾವ ಯಂತ್ರದಲ್ಲಾದರೂ ಓದಲು ಸಿಗುತ್ತದೆ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿರುವ ಕಡತಗಳು ಆ ಅಕ್ಷರಶೈಲಿ ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ 10ರ 2018ರ ನಂತರದ ಆವೃತ್ತಿಗಳಲ್ಲಿ ಮತ್ತು ವಿಂಡೋಸ್ 11ರಲ್ಲಿ ಅಕ್ಷರಶೈಲಿಯ ಕಡತದ ಮೇಲೆ ಬಲಗುಂಡಿ ಒತ್ತಿ ಸುಮ್ಮನೆ 'ಇನ್‌ಸ್ಟಾಲ್' ಎಂದರೆ ಅದು ಆ ಒಂದು ಖಾತೆಗೆ ಮಾತ್ರ ಸೇರುತ್ತದೆ. 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಎಂದು ಆಯ್ಕೆ ಮಾಡಿದರೆ ಎಲ್ಲರಿಗೂ ಸಿಗುತ್ತದೆ. ಕಾರ್ಯದರ್ಶಿಯವರ ಖಾತೆಯಲ್ಲಿ ಸರಿಯಾಗಿ ಕಂಡ ನಡವಳಿ ಲೆಕ್ಕ ಸಹಾಯಕರ ಖಾತೆಯಲ್ಲಿ ಕಾಣದಿದ್ದರೆ ಕಾರಣ ಬಹುತೇಕ ಇದೇ ಆಗಿರುತ್ತದೆ.

3. ಎಲ್ಲರಿಗೂ ಬೇಕಾದ ಕೊಂಡಿಗಳು. ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮ ಸ್ವರಾಜ್ ತಾಣಗಳ ಕೊಂಡಿಗಳನ್ನು 'ಯೂಸರ್ಸ್' ಫೋಲ್ಡರಿನ 'ಪಬ್ಲಿಕ್' ಒಳಗಿರುವ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಇಟ್ಟರೆ ಅವು ಹೊಸ, ಹಳೆಯ ಎಲ್ಲ ಖಾತೆಗಳ ಪರದೆಯ ಮೇಲೂ ಕಾಣುತ್ತವೆ. ಸರಿಯಾದ ತಾಣದ ಕೊಂಡಿ ಕಣ್ಣ ಮುಂದೆಯೇ ಇದ್ದರೆ, ಹುಡುಕಾಟದಲ್ಲಿ ನಕಲಿ ತಾಣಕ್ಕೆ ಸಿಕ್ಕಿಬೀಳುವ ಅಪಾಯವೂ ತಗ್ಗುತ್ತದೆ.

4. ಕಡತಗಳ ಸ್ಥಳ. ಕಚೇರಿಯ ಕಡತವು ಯಾವುದೇ ನೌಕರರ ಸ್ವಂತ ಡಾಕ್ಯುಮೆಂಟ್ಸ್‌ನಲ್ಲಿ ಇರಬಾರದು. ಬೇರೆ ಡ್ರೈವ್‌ನಲ್ಲಿ ವರ್ಷವಾರು, ಶಾಖಾವಾರು ಸಾಮಾನ್ಯ ಫೋಲ್ಡರ್ ಮಾಡಿ, ಯಾರು ಓದಬಹುದು, ಯಾರು ತಿದ್ದಬಹುದು ಎಂದು ನಿಗದಿಪಡಿಸಬೇಕು. ವಾರಕ್ಕೊಮ್ಮೆ ಬಾಹ್ಯ ಡಿಸ್ಕ್‌ಗೆ ಪ್ರತಿ ತೆಗೆದು, ಡಿಸ್ಕನ್ನು ಬೀರುವಿನಲ್ಲಿ ಇಡಬೇಕು.

5. ಖಾತೆ ತೆರೆದ ಮೇಲೆ. ಪ್ರತಿ ಖಾತೆಯಲ್ಲೂ ಒಮ್ಮೆ ಲಾಗಿನ್ ಆಗಿ ಕನ್ನಡ ಬೆರಳಚ್ಚು, ಮುದ್ರಣ, ಸ್ಕ್ಯಾನ್ ಮತ್ತು ಡಿಜಿಟಲ್ ಸಹಿಯನ್ನು ಪರೀಕ್ಷಿಸಬೇಕು. ಎರಡು ಮುದ್ರಕಗಳಿರುವ ಕಚೇರಿಯಲ್ಲಿ ಯಾವುದು ಮೊದಲ ಆಯ್ಕೆ ಎಂಬುದು ಖಾತೆಯಿಂದ ಖಾತೆಗೆ ಬೇರೆಯಾಗಿರುತ್ತದೆ. ಐದು ನಿಮಿಷ ಬಿಟ್ಟು ಹೋದರೆ ಪರದೆ ತಾನೇ ಬೀಗ ಹಾಕಿಕೊಳ್ಳುವಂತೆ ಹೊಂದಿಸಬೇಕು. ಎದ್ದು ಹೋಗುವಾಗ ವಿಂಡೋಸ್ ಕೀಲಿಯೊಂದಿಗೆ ಎಲ್ ಒತ್ತುವುದನ್ನು ರೂಢಿಸಿಕೊಳ್ಳಬೇಕು.

ಒಂದು ಎಚ್ಚರಿಕೆ. ತಮಗೆ ಬೇಕಾದಂತೆ ಅಲಂಕರಿಸಿದ ಒಂದು ಪ್ರೊಫೈಲಿನ ಕಡತಗಳನ್ನು ನೇರವಾಗಿ ಡಿಫಾಲ್ಟ್ ಫೋಲ್ಡರಿಗೆ ಸುರಿಯುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಹೀಗೆ ಮಾಡಿದರೆ ಒಬ್ಬರ ಖಾಸಗಿ ಗುರುತುಗಳು ಮುಂದಿನ ಎಲ್ಲ ಖಾತೆಗಳಿಗೂ ನಕಲಾಗುವ, ಹೊಸ ಖಾತೆಗಳು ಸರಿಯಾಗಿ ತೆರೆಯದಿರುವ ಅಪಾಯವಿದೆ. ಸಂಪೂರ್ಣ ಪ್ರೊಫೈಲನ್ನು ಮಾದರಿಯಾಗಿ ಮಾಡಲು ಮೈಕ್ರೋಸಾಫ್ಟ್ ಒಪ್ಪುವ ವಿಧಾನವೆಂದರೆ 'ಸಿಸ್‌ಪ್ರೆಪ್' ಸಾಧನದೊಂದಿಗೆ ಬಳಸುವ 'ಕಾಪಿ ಪ್ರೊಫೈಲ್'. ಅದು ಹತ್ತಾರು ಹೊಸ ಯಂತ್ರಗಳನ್ನು ಏಕಕಾಲಕ್ಕೆ ಸಿದ್ಧಪಡಿಸುವಾಗ ತಂತ್ರಜ್ಞರು ಮಾಡುವ ಕೆಲಸ. ಬಳಕೆಯಲ್ಲಿರುವ ಕಚೇರಿ ಯಂತ್ರದ ಮೇಲೆ ಅದನ್ನು ಪ್ರಯೋಗಿಸಬಾರದು. ಒಂದೆರಡು ಯಂತ್ರಗಳಿರುವ ಪಂಚಾಯಿತಿಗೆ ಮೇಲಿನ ಐದು ಹೆಜ್ಜೆಗಳೇ ಸಾಕು.

ಮತ್ತೊಂದು ವಿಷಯ: ಹೊಸ ಯಂತ್ರ ಚಾಲನೆಗೊಳಿಸುವಾಗ ಇ-ಮೇಲ್ ವಿಳಾಸ ಕೇಳಿದರೆ ನೌಕರರ ಸ್ವಂತ ವಿಳಾಸವನ್ನು ಕೊಡಕೂಡದು. ಹಾಗೆ ಕೊಟ್ಟಲ್ಲಿ ಕಚೇರಿಯ ಕಡತಗಳು ಅವರ ಖಾಸಗಿ ಒನ್‌ಡ್ರೈವ್ ಸಂಗ್ರಹಕ್ಕೆ ಸೇರಿಕೊಳ್ಳುವ ಸಾಧ್ಯತೆಯಿದೆ. ಅವರು ವರ್ಗಾವಣೆಯಾದಾಗ ಕಡತಗಳ ಪ್ರತಿಯೂ ಅವರೊಂದಿಗೇ ಹೊರಟುಹೋಗುತ್ತದೆ.

ಡೋಂಗಲ್: ಸಹಿ ಇರುವಲ್ಲಿ ಹೊಣೆಯೂ ಇದೆ

ಡಿಜಿಟಲ್ ಸಹಿಯ ಡೋಂಗಲ್ ಅಂಗೈಯಷ್ಟೂ ಇಲ್ಲದ ವಸ್ತು. ಆದರೆ ಪಂಚಾಯಿತಿಯ ಹಣ ಹೊರಹೋಗುವುದು, ಆಸ್ತಿಯ ನಮೂನೆ ಊರ್ಜಿತವಾಗುವುದು ಅದರಿಂದಲೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯು ವಿದ್ಯುನ್ಮಾನ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಅದೇ ಕಾಯ್ದೆಯ 66ಸಿ ಕಲಮಿನಂತೆ ಇನ್ನೊಬ್ಬರ ವಿದ್ಯುನ್ಮಾನ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವರಿಗೆ 3 ವರ್ಷಗಳವರೆಗೆ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಡೋಂಗಲ್ ಯಂತ್ರಕ್ಕೆ ಸಿಕ್ಕಿಸಿದಂತೆಯೇ ಇದ್ದು, ಅದರ ಪಿನ್ ಸಂಖ್ಯೆ ಪರದೆಯ ಅಂಚಿಗೆ ಅಂಟಿಸಿದ ಚೀಟಿಯಲ್ಲಿದ್ದು, ಯಂತ್ರದ ಖಾತೆಯೂ ಎಲ್ಲರಿಗೂ ಒಂದೇ ಆಗಿದ್ದರೆ, ಆ ಸಹಿಯನ್ನು ಒತ್ತಿದವರು ಯಾರೆಂದು ಹೇಳುವುದು ಕಷ್ಟ. ಸಹಿ ಯಾರ ಹೆಸರಿನಲ್ಲಿದೆಯೋ ಅವರೇ ಉತ್ತರಿಸಬೇಕಾಗುತ್ತದೆ. ತಮ್ಮ ಡೋಂಗಲನ್ನು ನಂಬಿಕೆಯಿಂದ ಕಚೇರಿಯಲ್ಲಿ ಬಿಟ್ಟುಹೋಗುವ ಅಧ್ಯಕ್ಷರು, ವಿಶೇಷವಾಗಿ ಮೊದಲ ಬಾರಿಗೆ ಆಯ್ಕೆಯಾದ ಮಹಿಳಾ ಅಧ್ಯಕ್ಷರು, ಇದನ್ನು ಮನಗಾಣಬೇಕು. ಚೆಕ್ಕಿಗೆ ಮುಂಗಡವಾಗಿ ಸಹಿ ಹಾಕಿ ಕೊಡುವುದಕ್ಕೂ ಡೋಂಗಲ್ ಬಿಟ್ಟುಹೋಗುವುದಕ್ಕೂ ವ್ಯತ್ಯಾಸವಿಲ್ಲ.

ಪ್ರತ್ಯೇಕ ಖಾತೆಯು ಇಲ್ಲಿ ಪ್ರಾಮಾಣಿಕ ನೌಕರರ ಪರವಾಗಿಯೇ ನಿಲ್ಲುತ್ತದೆ. ಯಾವ ಖಾತೆಯಿಂದ ಎಷ್ಟು ಗಂಟೆಗೆ ಲಾಗಿನ್ ಆಗಿದೆ ಎಂಬುದನ್ನು ವಿಂಡೋಸ್ ತನ್ನ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಎಲ್ಲರೂ 'ಅಡ್ಮಿನ್' ಆಗಿದ್ದರೆ ಆ ದಾಖಲೆಯಲ್ಲಿ 'ಅಡ್ಮಿನ್' ಎಂದಷ್ಟೇ ಇರುತ್ತದೆ. ತನಿಖೆಯ ಸಂದರ್ಭ ಬಂದಾಗ ಸಂಶಯವು ಸಾಮಾನ್ಯವಾಗಿ ಕಡಿಮೆ ಸಂಬಳದ, ಹೊರಗುತ್ತಿಗೆಯ ನೌಕರರ ಮೇಲೆ ಮೊದಲು ಬೀಳುತ್ತದೆ. ತಾನು ಆ ಹೊತ್ತಿನಲ್ಲಿ ಯಂತ್ರದ ಮುಂದಿರಲಿಲ್ಲವೆಂದು ತೋರಿಸಲು ಅವರ ಬಳಿ ಯಾವ ಆಧಾರವೂ ಇರುವುದಿಲ್ಲ. ಪ್ರತ್ಯೇಕ ಖಾತೆ ಆ ಆಧಾರವನ್ನು ಕೊಡುತ್ತದೆ.

ವರ್ಗಾವಣೆ ಮತ್ತು ನಿವೃತ್ತಿಯ ಸಂದರ್ಭ

ನೌಕರರು ಪ್ರಭಾರ ಹಸ್ತಾಂತರಿಸುವಾಗ ವಹಿ, ಬೀಗದ ಕೀಲಿ, ರಸೀದಿ ಪುಸ್ತಕಗಳೊಂದಿಗೆ ಯಂತ್ರದ ಖಾತೆಯೂ ಪಟ್ಟಿಯಲ್ಲಿರಬೇಕು. ಅವರ ಪ್ರೊಫೈಲಿನಲ್ಲಿ ಉಳಿದಿರುವ ಕಚೇರಿ ಕಡತಗಳನ್ನು ಸಾಮಾನ್ಯ ಫೋಲ್ಡರಿಗೆ ವರ್ಗಾಯಿಸಿದ ನಂತರವೇ ಖಾತೆಯನ್ನು ನಿಷ್ಕ್ರಿಯಗೊಳಿಸಬೇಕು. ಖಾತೆಯನ್ನು ಅಳಿಸುವಾಗ 'ಡಿಲೀಟ್ ಅಕೌಂಟ್ ಅಂಡ್ ಡೇಟಾ' ಎಂದು ಒತ್ತಿದರೆ ಪ್ರೊಫೈಲಿನೊಂದಿಗೆ ಅದರೊಳಗಿನ ಕಡತಗಳೂ ಹೋಗುತ್ತವೆ. ಆದ್ದರಿಂದ ಅವಸರ ಸಲ್ಲದು. ಹೊಸದಾಗಿ ಬಂದವರಿಗೆ ಹಿಂದಿನವರ ಖಾತೆಯನ್ನೇ ಒಪ್ಪಿಸುವ ಪದ್ಧತಿಯೂ ಕೂಡದು. ಅವರಿಗೆ ಹೊಸ ಖಾತೆ ತೆರೆದರೆ, ಮಾದರಿ ಪ್ರೊಫೈಲ್ ಸಿದ್ಧವಿರುವುದರಿಂದ, ಕನ್ನಡ ಕೀಲಿಮಣೆ, ದಿನಾಂಕದ ಕ್ರಮ, ತಾಣಗಳ ಕೊಂಡಿ ಎಲ್ಲವೂ ಮೊದಲ ದಿನವೇ ಕೈಗೆ ಸಿಗುತ್ತವೆ.

ಅರಿವು ಕೇಂದ್ರದ ಯಂತ್ರಗಳು

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿರುವ ಗಣಕಯಂತ್ರಗಳನ್ನು ಶಾಲಾ ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ಬಳಸುತ್ತಾರೆ. ಅಲ್ಲಿ ಪ್ರತಿಯೊಬ್ಬರಿಗೂ ಖಾತೆ ತೆರೆಯುವುದು ಸಾಧ್ಯವಿಲ್ಲ. 'ಓದುಗರು' ಎಂಬ ಒಂದು ಸಾಮಾನ್ಯ ಖಾತೆ, ಮೇಲ್ವಿಚಾರಕರಿಗೆ ಪ್ರತ್ಯೇಕ ಖಾತೆ, ಮೊಹರು ಮಾಡಿದ ಲಕೋಟೆಯಲ್ಲಿ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇದ್ದರೆ ಸಾಕು. ಓದುಗರ ಖಾತೆಯಲ್ಲಿ ಬ್ರೌಸರ್ ಮುಚ್ಚಿದ ಕೂಡಲೇ ಅದರೊಳಗಿನ ಮಾಹಿತಿ ಅಳಿಯುವಂತೆ ಹೊಂದಿಸಬೇಕು. ಇಲ್ಲವಾದಲ್ಲಿ ನೇಮಕಾತಿಗೆ ಅರ್ಜಿ ಹಾಕಿ ಹೋದ ಹೆಣ್ಣುಮಗಳೊಬ್ಬಳ ದೂರವಾಣಿ ಸಂಖ್ಯೆ, ಇ-ಮೇಲ್ ಇವೆಲ್ಲ ಮುಂದೆ ಬಂದು ಕೂರುವವರಿಗೆ ತೆರೆದಿರುತ್ತವೆ. ಕಚೇರಿಯ ಯಂತ್ರವನ್ನು ಯಾವ ಕಾರಣಕ್ಕೂ ಸಾರ್ವಜನಿಕರ ಬಳಕೆಗೆ ಕೊಡಬಾರದು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ಆರು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವಂತೆ ಕೋರಲಾಗಿದೆ.

1. ಕಚೇರಿಯಲ್ಲಿ ಎಷ್ಟು ಗಣಕಯಂತ್ರಗಳಿವೆ, ಪ್ರತಿಯೊಂದರಲ್ಲೂ ಯಾರ ಯಾರ ಹೆಸರಿನಲ್ಲಿ ಖಾತೆಗಳಿವೆ?
2. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡಿನ ಲಕೋಟೆ ಎಲ್ಲಿದೆ, ಕೊನೆಯ ಬಾರಿ ತೆರೆದದ್ದು ಯಾವಾಗ?
3. ಅಧ್ಯಕ್ಷರ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡೋಂಗಲ್‌ಗಳು ಯಾರ ವಶದಲ್ಲಿವೆ?
4. ವರ್ಗಾವಣೆಯಾದ ಅಥವಾ ಕೆಲಸ ಬಿಟ್ಟ ನೌಕರರ ಖಾತೆಗಳು ಇನ್ನೂ ಚಾಲ್ತಿಯಲ್ಲಿವೆಯೇ?
5. ಎಲ್ಲ ಖಾತೆಗಳಲ್ಲೂ ಯೂನಿಕೋಡ್ ಕನ್ನಡ ಮತ್ತು ಭಾರತೀಯ ದಿನಾಂಕ ಕ್ರಮ ಹೊಂದಿಕೆಯಾಗಿದೆಯೇ?
6. ಕಡತಗಳ ಪ್ರತಿಯನ್ನು ಬಾಹ್ಯ ಡಿಸ್ಕ್‌ಗೆ ಕೊನೆಯದಾಗಿ ತೆಗೆದ ದಿನಾಂಕ ಯಾವುದು?

ಈ ವ್ಯವಸ್ಥೆಗೆ ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಪ್ರತ್ಯೇಕ ಖಾತೆಯ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಬಾಹ್ಯ ಡಿಸ್ಕ್ ಇಲ್ಲದ ಕಚೇರಿ ಅದೊಂದನ್ನು ಮಾತ್ರ ಕೊಳ್ಳಬೇಕಾದೀತು. ಸಭೆಯ ಅನುಕೂಲಕ್ಕಾಗಿ ನಿರ್ಣಯದ ಕರಡನ್ನು ಕೆಳಗೆ ನೀಡಲಾಗಿದೆ. ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು.

"ಗ್ರಾಮ ಪಂಚಾಯಿತಿ ಕಚೇರಿಯ ಪ್ರತಿಯೊಂದು ಗಣಕಯಂತ್ರದಲ್ಲಿ, ಅದನ್ನು ಬಳಸುವ ಪ್ರತಿ ನೌಕರರಿಗೂ ಪ್ರತ್ಯೇಕ ಸಾಮಾನ್ಯ ಖಾತೆಯನ್ನು ತೆರೆಯಲು, ಅದಕ್ಕೂ ಮೊದಲು ಮಾದರಿ ಪ್ರೊಫೈಲಿನಲ್ಲಿ ಕನ್ನಡ ಕೀಲಿಮಣೆ ಮತ್ತು ಭಾರತೀಯ ದಿನಾಂಕ ಕ್ರಮವನ್ನು ಹೊಂದಿಸಲು, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಾಯ್ದಿರಿಸಲು, ಡಿಜಿಟಲ್ ಸಹಿಯ ಡೋಂಗಲ್‌ಗಳನ್ನು ಆಯಾ ಸಹಿದಾರರ ವಶದಲ್ಲಿಯೇ ಇರಿಸಲು, ಹಾಗೂ ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಗಣಕಯಂತ್ರ ಖಾತೆಯನ್ನು ಸೇರಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಮೂರು ತಿಂಗಳಿಗೊಮ್ಮೆ ಪಾಲನಾ ವರದಿಯನ್ನು ಸಭೆಯ ಮುಂದೆ ಮಂಡಿಸತಕ್ಕದ್ದು."

ನಿರ್ಣಯವಾದ ಬಳಿಕ ಖಾತೆಗಳ ಪಟ್ಟಿಯನ್ನು, ಪಾಸ್‌ವರ್ಡ್‌ಗಳನ್ನು ನಮೂದಿಸದೆ, ಕಚೇರಿಯ ದಾಸ್ತಾನು ವಹಿಯಲ್ಲಿ ಆಯಾ ಯಂತ್ರದ ಎದುರಿಗೆ ಬರೆದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಸಹಿ ಮಾಡತಕ್ಕದ್ದು.